ಸಂಗನಕಲ್ಲಿನ ಮತಪೆಟ್ಟಿಗೆ ನಮ್ಮ ಬ್ಲಾಕಿಗೆ ಯಾವಾಗ ಬರುತ್ತದೆ?

2022ರ ಅಕ್ಟೋಬರ್ 17ರಂದು ಬಳ್ಳಾರಿ ಪಕ್ಕದ ಸಂಗನಕಲ್ಲಿನಲ್ಲಿ ಕಾಂಗ್ರೆಸ್ ಪಕ್ಷದ ಅಧ್ಯಕ್ಷರ ಚುನಾವಣೆಗೆ ಒಂದು ಮತಪೆಟ್ಟಿಗೆ ಇಟ್ಟಿದ್ದರು. ಹೊಸ ಶಿಲಾಯುಗದ ಜನ ಕಲ್ಲಿನ ಕೊಡಲಿ ಮಾಡುತ್ತಿದ್ದ ಗುಡ್ಡಗಳ ಊರು ಅದು. ಭಾರತ್ ಜೋಡೊ ಯಾತ್ರೆ ಅವತ್ತು ಅಲ್ಲಿ ಬಿಡಾರ ಹೂಡಿತ್ತು. ರಾಹುಲ್ ಗಾಂಧಿ ಸಾಲಿನಲ್ಲಿ ನಿಂತು ವೋಟು ಹಾಕಿದರು. ಜತೆಗೆ ನಡೆದು ಬಂದಿದ್ದ ಸುಮಾರು 40 ಪ್ರತಿನಿಧಿಗಳೂ ಹಾಕಿದರು. ಎರಡು ದಿನ ಬಿಟ್ಟು ದಿಲ್ಲಿಯಲ್ಲಿ ಎಣಿಕೆ ಆಯಿತು. ಮಲ್ಲಿಕಾರ್ಜುನ ಖರ್ಗೆ ಅವರಿಗೆ 7,897 ಮತ, ಶಶಿ ತರೂರ್ ಅವರಿಗೆ 1,072. ಬೀದರ್ ಜಿಲ್ಲೆಯ ವರವಟ್ಟಿಯಲ್ಲಿ ಹುಟ್ಟಿ ಕಲಬುರಗಿಯಲ್ಲಿ ಬೆಳೆದ ಮನುಷ್ಯ ದೇಶದ ಅತಿ ಹಳೆಯ ಪಕ್ಷದ ಅಧ್ಯಕ್ಷರಾದರು. ನಮ್ಮ ಕಲ್ಯಾಣ ಕರ್ನಾಟಕಕ್ಕೆ ಅದು ಸಣ್ಣ ಸಂಗತಿ ಅಲ್ಲ.

ಅವತ್ತಿನಿಂದ ನನ್ನ ತಲೆಯಲ್ಲಿ ಒಂದು ಪ್ರಶ್ನೆ ಕೂತಿದೆ. ಪಕ್ಷದ ರಾಷ್ಟ್ರಾಧ್ಯಕ್ಷರನ್ನು ಆರಿಸಲು ನಮ್ಮೂರಿನ ಮಗ್ಗುಲಲ್ಲೇ ಮತಪೆಟ್ಟಿಗೆ ಇಡಲು ಆಗುತ್ತದೆ. ಹಾಗಾದರೆ ಸಿರುಗುಪ್ಪದ ಬ್ಲಾಕ್, ಅಂದರೆ ಜಿಲ್ಲೆಯ ಕೆಳಗಿನ ಪಕ್ಷದ ಘಟಕದ, ಅಧ್ಯಕ್ಷರನ್ನು ಆರಿಸಲು ಯಾಕೆ ಆಗುವುದಿಲ್ಲ? ಮಸ್ಕಿಯಲ್ಲಿ, ಕುಷ್ಟಗಿಯಲ್ಲಿ ಯಾಕೆ ಆಗುವುದಿಲ್ಲ?

ಬೆಂಗಳೂರಿನ ಟಿವಿಗಳಲ್ಲಿ ಕೆಪಿಸಿಸಿ (ರಾಜ್ಯ ಕಾಂಗ್ರೆಸ್ ಸಮಿತಿ) ಅಧ್ಯಕ್ಷರ ಕುರ್ಚಿಯ ಸುದ್ದಿ ನಿಂತದ್ದೇ ಇಲ್ಲ. ಯಾರು ಇರುತ್ತಾರೆ, ಯಾರು ಹೋಗುತ್ತಾರೆ, ಯಾವ ಜಾತಿಗೆ, ಯಾವ ಭಾಗಕ್ಕೆ ಎಂಬ ಚರ್ಚೆ. ಬಳ್ಳಾರಿ, ರಾಯಚೂರು, ಕೊಪ್ಪಳದಿಂದ ನೋಡಿದರೆ ಬೇರೆಯೇ ಚಿತ್ರ ಕಾಣುತ್ತದೆ. ನಮ್ಮಲ್ಲಿ ತೊಂದರೆ ಇರುವುದು ಏಣಿಯ ನಡುವಿನ ಮೆಟ್ಟಿಲುಗಳಲ್ಲಿ, ಅಂದರೆ ಬ್ಲಾಕ್ ಮತ್ತು ಜಿಲ್ಲೆ. ಅದನ್ನು ಹೇಳಲು ಮೊದಲು ಮೇಲಿನ ಕುರ್ಚಿಯ ಕಥೆಯನ್ನೂ ಹೇಳಬೇಕು.

ಕುರ್ಚಿಯ ಬೆಲೆ

ಡಿ.ಕೆ. ಶಿವಕುಮಾರ್ ಅವರ ಹೆಸರು ಕೆಪಿಸಿಸಿ ಅಧ್ಯಕ್ಷರಾಗಿ ಬಂದದ್ದು 2020ರ ಮಾರ್ಚ್‌ನಲ್ಲಿ. ಕೊರೊನಾ ಇದ್ದದ್ದರಿಂದ ಅಧಿಕಾರ ವಹಿಸಿಕೊಂಡದ್ದು ಜುಲೈ 2ರಂದು. 2022ರ ಮೇ ತಿಂಗಳಲ್ಲಿ ಉದಯಪುರದ ಚಿಂತನ ಶಿಬಿರದಲ್ಲಿ ಕಾಂಗ್ರೆಸ್ 'ಒಬ್ಬರಿಗೆ ಒಂದೇ ಹುದ್ದೆ' ಅನ್ನುವ ಮಾತು ಕೊಟ್ಟಿತು. ಒಂದು ವರ್ಷ ಕಳೆಯುವಷ್ಟರಲ್ಲಿ ಕರ್ನಾಟಕ ಗೆದ್ದಾಯಿತು. 2023ರ ಮೇ 18ರಂದು ಎಐಸಿಸಿ (ಅಖಿಲ ಭಾರತ ಕಾಂಗ್ರೆಸ್ ಸಮಿತಿ) ಪ್ರಕಟಿಸಿದ್ದು ಇಷ್ಟು: ಸಿದ್ದರಾಮಯ್ಯ ಮುಖ್ಯಮಂತ್ರಿ, ಶಿವಕುಮಾರ್ ಒಬ್ಬರೇ ಉಪಮುಖ್ಯಮಂತ್ರಿ, ಲೋಕಸಭೆ ಚುನಾವಣೆ ಮುಗಿಯುವವರೆಗೆ ಅವರೇ ಕೆಪಿಸಿಸಿ ಅಧ್ಯಕ್ಷ. ಲೋಕಸಭೆ ಚುನಾವಣೆ 2024ರ ಜೂನ್‌ನಲ್ಲಿ ಮುಗಿಯಿತು. ಕುರ್ಚಿ ಬದಲಾಗಲಿಲ್ಲ. ಬದಲಾಗಬೇಕು ಎಂದು ಸಚಿವರೇ ಬಹಿರಂಗವಾಗಿ ಮಾತಾಡಿದರು. 2025ರ ನವೆಂಬರ್ ಕೊನೆಗೆ ಮುಖ್ಯಮಂತ್ರಿ ಮತ್ತು ಉಪಮುಖ್ಯಮಂತ್ರಿ ಒಬ್ಬರ ಮನೆಯಲ್ಲಿ ಒಬ್ಬರು ತಿಂಡಿ ತಿಂದು ಒಗ್ಗಟ್ಟು ತೋರಿಸಬೇಕಾದ ಮಟ್ಟಿಗೆ ವಿಷಯ ಬಂತು.

ಈ ಕುರ್ಚಿಗೆ ಇಷ್ಟು ಬೆಲೆ ಯಾಕೆ? ಅದು ಮುಖ್ಯಮಂತ್ರಿ ಕುರ್ಚಿಯ ಹಿಂದಿನ ಮೆಟ್ಟಿಲು ಎಂಬ ನಂಬಿಕೆ ಇದೆ. 1989ರಲ್ಲಿ ನಮ್ಮದೇ ಭಾಗದ ವೀರೇಂದ್ರ ಪಾಟೀಲರು ಅಧ್ಯಕ್ಷರಾಗಿದ್ದಾಗ ಪಕ್ಷ 224ರಲ್ಲಿ 178 ಸ್ಥಾನ ಗೆದ್ದಿತು, ಅವರೇ ಮುಖ್ಯಮಂತ್ರಿ ಆದರು. 1999ರಲ್ಲಿ ಎಸ್.ಎಂ. ಕೃಷ್ಣ ಅವರಿಗೂ ಹಾಗೇ ಆಯಿತು. 2013ರಲ್ಲಿ ಮಾತ್ರ ಅಧ್ಯಕ್ಷ ಜಿ. ಪರಮೇಶ್ವರ್ ಕೊರಟಗೆರೆಯಲ್ಲಿ ಸೋತರು, ಸರ್ಕಾರ ಬಂತು, ಮುಖ್ಯಮಂತ್ರಿ ಸ್ಥಾನ ಸಿದ್ದರಾಮಯ್ಯ ಅವರಿಗೆ ಹೋಯಿತು. ವೀರೇಂದ್ರ ಪಾಟೀಲರ ಕಥೆಯ ಎರಡನೇ ಅರ್ಧವನ್ನು ನಮ್ಮ ಕಡೆಯ ಹಿರಿಯರು ಇನ್ನೂ ಮರೆತಿಲ್ಲ. 178 ಸ್ಥಾನ ಗೆದ್ದವರನ್ನು 1990ರಲ್ಲಿ, ಅದೂ ಕಾಯಿಲೆಯಲ್ಲಿದ್ದಾಗ, ದಿಲ್ಲಿ ಕೆಳಗಿಳಿಸಿತು.

ಹೀಗಾಗಿ ರಾಜ್ಯ ಅಧ್ಯಕ್ಷರ ಕೆಲಸ ಸಂಘಟನೆ ಕಟ್ಟುವುದು ಅನ್ನುವ ಮಾತು ಹಿಂದೆ ಸರಿದಿದೆ. ಅಧ್ಯಕ್ಷರ ಕೆಳಗೆ ಕಾರ್ಯಾಧ್ಯಕ್ಷರು ಬರುತ್ತಾರೆ. ಜಾತಿ ಮತ್ತು ಪ್ರದೇಶದ ಲೆಕ್ಕ ಸರಿ ಮಾಡಲು ನಾಲ್ಕೈದು ಜನರನ್ನು ನೇಮಿಸುತ್ತಾರೆ. 2023ರ ಮೇನಲ್ಲಿ ಸರ್ಕಾರ ಬಂದಾಗ ಅವರಲ್ಲಿ ಈಶ್ವರ ಖಂಡ್ರೆ, ಸತೀಶ ಜಾರಕಿಹೊಳಿ, ರಾಮಲಿಂಗಾರೆಡ್ಡಿ ಮೂವರೂ ಸಚಿವರಾದರು. ಅವರು ಸಚಿವರಾದದ್ದು ತಪ್ಪಲ್ಲ. ಆದರೆ ಗೆದ್ದ ದಿನವೇ ಪಕ್ಷದ ಕಚೇರಿ ಖಾಲಿಯಾಗಿ ವಿಧಾನಸೌಧ ತುಂಬಿಕೊಳ್ಳುವುದಾದರೆ, ಪಕ್ಷವನ್ನು ನೋಡಿಕೊಳ್ಳುವವರು ಯಾರು?

ಒಂದು ಮಾತು ಹೇಳಬೇಕು. ನಮ್ಮ ಭಾಗಕ್ಕೆ ರಾಜ್ಯ ಅಧ್ಯಕ್ಷ ಸ್ಥಾನ ಸಿಕ್ಕೇ ಇಲ್ಲ ಅನ್ನುವ ದೂರು ಸರಿಯಲ್ಲ. ಬಳ್ಳಾರಿಯ ಅಲ್ಲಂ ವೀರಭದ್ರಪ್ಪ ಕೆಪಿಸಿಸಿ ಅಧ್ಯಕ್ಷರಾಗಿದ್ದರು. 2005ರಿಂದ 2008ರವರೆಗೆ ಖರ್ಗೆ ಇದ್ದರು. ಬಿಜೆಪಿಯಲ್ಲೂ ಸೇಡಂನ ಬಸವರಾಜ ಪಾಟೀಲರು ರಾಜ್ಯಾಧ್ಯಕ್ಷರಾಗಿದ್ದರು. ಕುರ್ಚಿ ಬಂದು ಹೋಯಿತು. ಬ್ಲಾಕ್ ಮಾತ್ರ ಇದ್ದ ಹಾಗೇ ಇದೆ.

ಫ್ಲೆಕ್ಸ್ ಓದುವುದು

ಪಕ್ಷದ ರಚನೆ ತಿಳಿಯಬೇಕಾದರೆ ಬಳ್ಳಾರಿಯ ರಾಯಲ್ ಸರ್ಕಲ್‌ನಲ್ಲಿ ಒಂದು ಫ್ಲೆಕ್ಸ್ ಮುಂದೆ ನಿಂತರೆ ಸಾಕು. ಮೇಲೆ ದಿಲ್ಲಿಯ ನಾಯಕರು. ಅದರ ಕೆಳಗೆ ಮುಖ್ಯಮಂತ್ರಿ, ರಾಜ್ಯ ಅಧ್ಯಕ್ಷ. ಆಮೇಲೆ ಉಸ್ತುವಾರಿ ಸಚಿವರು, ಸಂಸದರು. ನಡುವೆ ಎಲ್ಲರಿಗಿಂತ ದೊಡ್ಡದಾಗಿ ಶಾಸಕರು, ಕೈ ಮುಗಿದು ನಿಂತಿರುತ್ತಾರೆ. ಕೊನೆಯಲ್ಲಿ ಸಣ್ಣ ಸಣ್ಣ ಮುಖಗಳು, 'ಶುಭ ಕೋರುವವರು'. ಬ್ಲಾಕ್ ಅಧ್ಯಕ್ಷರ ಮುಖ ಆ ಸಾಲಿನಲ್ಲಿ ಎಲ್ಲೋ ಇರುತ್ತದೆ. ಫ್ಲೆಕ್ಸಿನ ದುಡ್ಡು ಕೊಟ್ಟವರು ಬಹಳ ಸಲ ಅದೇ ಸಾಲಿನವರು. ರಾತ್ರಿ ಏಣಿ ಹತ್ತಿ ಅದನ್ನು ಕಟ್ಟಿದ ಹುಡುಗರ ಮುಖ ಅದರಲ್ಲಿ ಇರುವುದೇ ಇಲ್ಲ.

ಕಾಂಗ್ರೆಸ್ಸಿನ ಸಂವಿಧಾನ ಓದಿದರೆ ಈ ಚಿತ್ರ ತಲೆಕೆಳಗಾಗಿ ಕಾಣುತ್ತದೆ. ಅಲ್ಲಿ ಕೆಳಗೆ ಬೂತ್ ಸಮಿತಿ, ಅದರ ಮೇಲೆ ಬ್ಲಾಕ್, ಆಮೇಲೆ ಜಿಲ್ಲೆ, ಆಮೇಲೆ ಪ್ರದೇಶ ಸಮಿತಿ, ಕೊನೆಗೆ ಎಐಸಿಸಿ. ಪ್ರತಿ ಬ್ಲಾಕಿನಿಂದ ಗುಪ್ತ ಮತದಾನದಲ್ಲಿ ಒಬ್ಬ ಪ್ರತಿನಿಧಿ ಪ್ರದೇಶ ಸಮಿತಿಗೆ ಆರಿಸಿ ಬರಬೇಕು. ಆ ಪ್ರತಿನಿಧಿಗಳಲ್ಲಿ ಆರನೇ ಒಂದು ಭಾಗ ಎಐಸಿಸಿಗೆ ಹೋಗಬೇಕು. ಪದಾಧಿಕಾರಿಗಳ ಅವಧಿ 5 ವರ್ಷ. ರಾಷ್ಟ್ರಾಧ್ಯಕ್ಷರನ್ನು ಆರಿಸುವವರೂ ಇದೇ ಪ್ರದೇಶ ಪ್ರತಿನಿಧಿಗಳೇ. ಸಂಗನಕಲ್ಲಿನಲ್ಲಿ ವೋಟು ಹಾಕಿದವರು ಇವರೇ.

ನಡೆಯುವುದು ಹೇಗೆ? ಬ್ಲಾಕಿನಲ್ಲಿ ಮತಪೆಟ್ಟಿಗೆ ಇಟ್ಟದ್ದನ್ನು ನಾನಂತೂ ನೋಡಿಲ್ಲ. ಹೆಸರು ಶಾಸಕರ ಮನೆಯಲ್ಲಿ ಸಿದ್ಧವಾಗುತ್ತದೆ. ಶಾಸಕರು ಬೇರೆ ಪಕ್ಷದವರಾದರೆ ಸೋತ ಅಭ್ಯರ್ಥಿಯ ಮನೆಯಲ್ಲಿ. ಬೆಂಗಳೂರಿನಿಂದ ಪಟ್ಟಿ ಬರುತ್ತದೆ. ಮೇಲಕ್ಕೂ ಅದೇ ಪದ್ಧತಿ. ರಾಜ್ಯ ಅಧ್ಯಕ್ಷರನ್ನು ಯಾರು ಮಾಡಬೇಕು ಎಂಬುದನ್ನು ಎಐಸಿಸಿ ಅಧ್ಯಕ್ಷರಿಗೇ ಬಿಡುತ್ತೇವೆ ಎಂದು ಒಂದು ಸಾಲಿನ ನಿರ್ಣಯ ಪಾಸು ಮಾಡುವುದು ಹಲವು ರಾಜ್ಯಗಳ ಪ್ರದೇಶ ಸಮಿತಿಗಳಿಗೆ ರೂಢಿ. ಅಂದರೆ ಕೆಳಗಿನವರನ್ನು ಮೇಲಿನವರು ನೇಮಿಸುತ್ತಾರೆ, ಹಾಗೆ ನೇಮಕವಾದವರು ಮತ್ತೆ ಮೇಲಿನವರನ್ನು ಒಪ್ಪುತ್ತಾರೆ.

ಬಿಜೆಪಿಯ ಏಣಿ ಇದಕ್ಕಿಂತ ಬಿಗಿ, ಅದನ್ನು ಒಪ್ಪಲೇಬೇಕು. ಮತದಾರರ ಪಟ್ಟಿಯ ಒಂದೊಂದು ಪುಟಕ್ಕೆ ಒಬ್ಬ ಪನ್ನಾ ಪ್ರಮುಖ, ಕೆಲವು ಬೂತ್‌ಗಳಿಗೆ ಒಂದು ಶಕ್ತಿ ಕೇಂದ್ರ, ಆಮೇಲೆ ಮಂಡಲ, ಜಿಲ್ಲೆ, ರಾಜ್ಯ. ಅವಧಿ 3 ವರ್ಷ. ಜತೆಗೆ ಆರೆಸ್ಸೆಸ್‌ನಿಂದ ಬಂದ ಸಂಘಟನಾ ಕಾರ್ಯದರ್ಶಿ ಇರುತ್ತಾರೆ, ಅವರಿಗೆ ಟಿಕೆಟ್ಟಿನ ಗೊಡವೆ ಇರುವುದಿಲ್ಲ. ಆದರೂ ಮೇಲಿನ ಮೆಟ್ಟಿಲಲ್ಲಿ ಅಲ್ಲೂ ನೇಮಕವೇ. 2023ರ ಮೇನಲ್ಲಿ ಸೋತ ಮೇಲೆ ಆರು ತಿಂಗಳು ಕರ್ನಾಟಕ ಬಿಜೆಪಿಗೆ ವಿರೋಧ ಪಕ್ಷದ ನಾಯಕರೇ ಇರಲಿಲ್ಲ. ನವೆಂಬರ್ 10ರಂದು ಬಿ.ವೈ. ವಿಜಯೇಂದ್ರ ಅವರನ್ನು ದಿಲ್ಲಿ ರಾಜ್ಯಾಧ್ಯಕ್ಷ ಎಂದು ಹೆಸರಿಸಿತು. ಅದನ್ನು ಒಪ್ಪದ ಬಸನಗೌಡ ಪಾಟೀಲ ಯತ್ನಾಳರನ್ನು 2025ರ ಮಾರ್ಚ್‌ನಲ್ಲಿ 6 ವರ್ಷಕ್ಕೆ ಪಕ್ಷದಿಂದ ಹೊರಗೆ ಹಾಕಿತು.

'ನೀವು ಯಾರ ಕಡೆ?'

ನಮ್ಮ ಮೂರು ಜಿಲ್ಲೆಗಳಲ್ಲಿ 'ಯಾವ ಪಾರ್ಟಿ?' ಎಂದು ಕೇಳುವವರು ಕಮ್ಮಿ. 'ಯಾರ ಕಡೆ?' ಎಂದು ಕೇಳುತ್ತಾರೆ. ಗೌಡ್ರ ಕಡೆ, ರೆಡ್ಡಿಯವರ ಕಡೆ, ನಾಯಕರ ಕಡೆ. ಈ 'ಕಡೆ' ಎಂಬ ಪದದಲ್ಲೇ ನಮ್ಮ ರಾಜಕೀಯದ ಅರ್ಧ ಇದೆ. ಮನುಷ್ಯ ಪಕ್ಷ ಬಿಟ್ಟರೆ ಅವನ 'ಕಡೆ'ಯೂ ಜತೆಗೆ ಹೊರಡುತ್ತದೆ. ಬೂತ್ ಏಜೆಂಟರು, ಯುವಕರ ಗುಂಪು, ಹಳ್ಳಿಯ ಹಿರಿಯರು, ಎಲ್ಲರೂ. ಹಿಂದೆ ಉಳಿಯುವುದು ಬೋರ್ಡು ಮಾತ್ರ.

ಮಸ್ಕಿ ಇದಕ್ಕೆ ಪಾಠದ ಪುಸ್ತಕದಂತಿದೆ. 2018ರಲ್ಲಿ ಅಲ್ಲಿ ಕಾಂಗ್ರೆಸ್ಸಿನ ಪ್ರತಾಪಗೌಡ ಪಾಟೀಲರು ಬಿಜೆಪಿಯ ಬಸನಗೌಡ ತುರ್ವಿಹಾಳರನ್ನು ಸೋಲಿಸಿದರು. ಅಂತರ ಬರೀ 213 ಮತ. ಸೋತವರು ಕೋರ್ಟಿಗೆ ಹೋದರು. 2019ರಲ್ಲಿ ಪ್ರತಾಪಗೌಡರು ಸಮ್ಮಿಶ್ರ ಸರ್ಕಾರ ಬೀಳಿಸಿದ ಶಾಸಕರ ಜತೆ ಸೇರಿ ಬಿಜೆಪಿಗೆ ಹೋದರು. ಕೇಸು ಇದ್ದದ್ದರಿಂದ ಮಸ್ಕಿಯ ಉಪಚುನಾವಣೆ ಬೇರೆಯವರ ಜತೆ ಆಗಲಿಲ್ಲ. ಈ ನಡುವೆ ತುರ್ವಿಹಾಳರು ಕಾಂಗ್ರೆಸ್ ಸೇರಿದರು. 2021ರ ಏಪ್ರಿಲ್‌ನಲ್ಲಿ ಕೊನೆಗೂ ಮತದಾನ ಆದಾಗ ಅದೇ ಇಬ್ಬರು, ಚಿಹ್ನೆ ಮಾತ್ರ ಅದಲುಬದಲು. ತುರ್ವಿಹಾಳರು 30 ಸಾವಿರಕ್ಕೂ ಜಾಸ್ತಿ ಮತಗಳಿಂದ ಗೆದ್ದರು.

ಮಸ್ಕಿಯ ಒಬ್ಬ ಬೂತ್ ಕಾರ್ಯಕರ್ತನ ಜಾಗದಲ್ಲಿ ನಿಂತು ಯೋಚಿಸಿ. 2018ರಲ್ಲಿ ಅವನು ಕಮಲದ ಪರವಾಗಿ ತುರ್ವಿಹಾಳರಿಗೆ ದುಡಿದ. ಮೂರು ವರ್ಷ ಆಗುವಷ್ಟರಲ್ಲಿ ಅವನ ಮುಂದೆ ಎರಡೇ ದಾರಿ. ಮನುಷ್ಯನ ಜತೆ ಹೋಗಿ ಕೈ ಹಿಡಿಯಬೇಕು, ಇಲ್ಲವಾದರೆ ನಿನ್ನೆಯವರೆಗೆ ಎದುರಾಳಿ ಆಗಿದ್ದವರ ಫ್ಲೆಕ್ಸ್ ಕಟ್ಟಬೇಕು. ಎದುರುಗಡೆಯ ಕಾಂಗ್ರೆಸ್ ಕಾರ್ಯಕರ್ತನ ಪಾಡೂ ಇದೇ. ಈ ಪ್ರಶ್ನೆಯನ್ನು ಇಬ್ಬರಲ್ಲಿ ಒಬ್ಬರ ಮುಂದೂ ಯಾವ ಬ್ಲಾಕ್ ಸಭೆಯೂ, ಯಾವ ಮಂಡಲ ಸಭೆಯೂ ಇಡಲಿಲ್ಲ. ತೀರ್ಮಾನ ಆದದ್ದು ಬೆಂಗಳೂರಿನಲ್ಲಿ.

ಆ ಚುನಾವಣೆಯಲ್ಲಿ ಬಿಜೆಪಿಯ ಉಸ್ತುವಾರಿ ಹೊತ್ತಿದ್ದವರು ವಿಜಯೇಂದ್ರ. ಅದಕ್ಕೆ ಮುಂಚೆ ಕೆ.ಆರ್. ಪೇಟೆ ಮತ್ತು ಶಿರಾ ಗೆಲ್ಲಿಸಿ ಹೆಸರು ಮಾಡಿದ್ದರು. ಮಸ್ಕಿಯಲ್ಲಿ ಆ ಲೆಕ್ಕ ನಡೆಯಲಿಲ್ಲ.

ಇದರ ಪಕ್ಕದಲ್ಲೇ 2018ರ ಬಳ್ಳಾರಿ ಲೋಕಸಭೆ ಉಪಚುನಾವಣೆ ಇಟ್ಟು ನೋಡಬೇಕು. ಆಗ ಜಿಲ್ಲಾ ಉಸ್ತುವಾರಿ ಸಚಿವರಾಗಿ ಕಾಂಗ್ರೆಸ್ಸಿನ ಪ್ರಚಾರ ನಡೆಸಿದವರು ಡಿ.ಕೆ. ಶಿವಕುಮಾರ್. ಅಭ್ಯರ್ಥಿ ವಿ.ಎಸ್. ಉಗ್ರಪ್ಪ, ಹೊರಗಿನವರು. ಜೆಡಿಎಸ್ ಕೂಡ ಜತೆಗಿತ್ತು. ನವೆಂಬರ್‌ನಲ್ಲಿ ಫಲಿತಾಂಶ ಬಂದಾಗ ಅಂತರ ಸುಮಾರು 2.43 ಲಕ್ಷ. ಬಳ್ಳಾರಿಯಲ್ಲಿ ಪಟಾಕಿ ಶಬ್ದ ನಿಲ್ಲಲೇ ಇಲ್ಲ. ಆರೂವರೆ ತಿಂಗಳ ನಂತರ, 2019ರ ಮೇನಲ್ಲಿ, ಅದೇ ಉಗ್ರಪ್ಪ ಅದೇ ಕ್ಷೇತ್ರದಲ್ಲಿ ವೈ. ದೇವೇಂದ್ರಪ್ಪ ಅವರ ಎದುರು 55 ಸಾವಿರ ಮತಗಳಿಂದ ಸೋತರು. ಮೋದಿ ಅಲೆ ಇತ್ತು ಅನ್ನುವುದು ನಿಜ. ಆದರೆ ಉಪಚುನಾವಣೆಗೆ ಬಂದ ಸಚಿವರು, ಶಾಸಕರು, ಕಾರುಗಳು ಎಲ್ಲ ವಾಪಸ್ ಹೋದ ಮೇಲೆ ಉಳಿದದ್ದು ಏನು? ಅಲೆಗೆ ಅಡ್ಡ ನಿಲ್ಲುವ ಬೂತ್ ಸಮಿತಿ ಇದ್ದಿದ್ದರೆ ಇಷ್ಟು ದೊಡ್ಡ ಗೆಲುವು ಇಷ್ಟು ಬೇಗ ಕರಗುತ್ತಿರಲಿಲ್ಲ ಎಂದೇ ನನ್ನ ಅನಿಸಿಕೆ.

ಶಿವಕುಮಾರ್, ವಿಜಯೇಂದ್ರ ಇಬ್ಬರೂ ರಾಜ್ಯ ಅಧ್ಯಕ್ಷರ ಕುರ್ಚಿಗೆ ಬರುವ ಮೊದಲು ನಮ್ಮ ನೆಲದಲ್ಲೇ ಪರೀಕ್ಷೆ ಬರೆದವರು. ಒಬ್ಬರು ಗೆದ್ದರು, ಒಬ್ಬರು ಸೋತರು. ಇಬ್ಬರೂ ಉಸ್ತುವಾರಿಯಾಗಿ ಬಂದವರು, ಚುನಾವಣೆ ಮುಗಿದ ಮೇಲೆ ಹೋದವರು.

ಬಳ್ಳಾರಿ ಕೊಟ್ಟದ್ದು, ಬಳ್ಳಾರಿಗೆ ಸಿಕ್ಕದ್ದು

1952ರಿಂದ ಬಳ್ಳಾರಿ ಲೋಕಸಭೆ ಕ್ಷೇತ್ರ ಕಾಂಗ್ರೆಸ್ಸಿನ ಕೈ ಬಿಟ್ಟಿರಲಿಲ್ಲ. ಅದಕ್ಕೇ 1999ರಲ್ಲಿ ಸೋನಿಯಾ ಗಾಂಧಿ ಅಮೇಠಿಯ ಜತೆ ಇಲ್ಲಿಂದಲೂ ನಿಂತರು. ಎದುರಿಗೆ ಸುಷ್ಮಾ ಸ್ವರಾಜ್. ಸುಷ್ಮಾ ಕನ್ನಡ ಕಲಿತು ಭಾಷಣ ಮಾಡಿದರು. ಸೋನಿಯಾ ಸುಮಾರು 56 ಸಾವಿರ ಮತಗಳಿಂದ ಗೆದ್ದರು, ಅಮೇಠಿ ಇಟ್ಟುಕೊಂಡು ಬಳ್ಳಾರಿ ಬಿಟ್ಟರು. ಸೋತ ಸುಷ್ಮಾ ಮಾತ್ರ ವರಮಹಾಲಕ್ಷ್ಮಿ ಹಬ್ಬಕ್ಕೆ ವರ್ಷ ವರ್ಷ ಬಂದರು. ಆ ಚುನಾವಣೆಯ ಓಡಾಟದಲ್ಲೇ ರೆಡ್ಡಿ ಸಹೋದರರು ಮತ್ತು ಶ್ರೀರಾಮುಲು ಮುಂದೆ ಬಂದರು. 2004ರಲ್ಲಿ ಕರುಣಾಕರ ರೆಡ್ಡಿ ಗೆದ್ದಾಗ ಕಾಂಗ್ರೆಸ್ಸಿನ ಅರ್ಧ ಶತಮಾನದ ಓಟ ನಿಂತಿತು. 2008ರಲ್ಲಿ ಅಖಂಡ ಬಳ್ಳಾರಿ ಜಿಲ್ಲೆಯ 9 ಸ್ಥಾನಗಳಲ್ಲಿ 8 ಬಿಜೆಪಿಗೆ. ಸಂಡೂರಿನಲ್ಲಿ ಇ. ತುಕಾರಾಂ ಒಬ್ಬರೇ ಕಾಂಗ್ರೆಸ್ ಉಳಿಸಿಕೊಂಡರು.

ಅರ್ಧ ಶತಮಾನ ಗೆದ್ದ ಪಕ್ಷ ಹತ್ತೇ ವರ್ಷದಲ್ಲಿ ಹೀಗೆ ಕುಸಿದದ್ದಕ್ಕೆ ಅದಿರಿನ ದುಡ್ಡು ಒಂದು ದೊಡ್ಡ ಕಾರಣ. ಚೀನಾಕ್ಕೆ ಅದಿರು ಹೋಗುತ್ತಿದ್ದ ಕಾಲ ಅದು. ಹೊಸಪೇಟೆ ರಸ್ತೆಯ ಕೆಂಪು ಧೂಳು ನೋಡಿದವರಿಗೆ ಬೇರೆ ವಿವರಣೆ ಬೇಡ. ಆದರೆ ಆ ದುಡ್ಡಿನ ಎದುರು ನಿಲ್ಲುವ ಒಳಗಿನ ಕಸುವು ಜಿಲ್ಲಾ ಕಾಂಗ್ರೆಸ್ಸಿಗೆ ಇರಲಿಲ್ಲ ಅನ್ನುವುದೂ ಅಷ್ಟೇ ನಿಜ. ವರ್ಷಗಟ್ಟಲೆ ಗೆಲ್ಲುತ್ತಾ ಬಂದಿದ್ದರಿಂದ ಸಂಘಟನೆ ಬೇಕು ಎಂದೇ ಅನಿಸಿರಲಿಲ್ಲ.

2010ರ ಜುಲೈ 25ರಂದು ಸಿದ್ದರಾಮಯ್ಯ ಅಕ್ರಮ ಗಣಿಗಾರಿಕೆ ವಿರುದ್ಧ ಬೆಂಗಳೂರಿನಿಂದ ಬಳ್ಳಾರಿಗೆ ಪಾದಯಾತ್ರೆ ಹೊರಟರು. ಸುಮಾರು 320 ಕಿಲೋಮೀಟರ್ ನಡೆದು ಆಗಸ್ಟ್ 9ರಂದು ಇಲ್ಲಿಗೆ ಮುಟ್ಟಿದರು. ಅವತ್ತಿನ ಜನಸಾಗರ ಕಂಡವರಿಗೆ ಮುಂದಿನ ಮುಖ್ಯಮಂತ್ರಿ ಯಾರು ಎಂಬ ಸುಳಿವು ಸಿಕ್ಕಿತ್ತು. ಜನತಾ ಪರಿವಾರದಿಂದ ಬಂದವರನ್ನು ಕಾಂಗ್ರೆಸ್ಸಿನ ನಾಯಕರನ್ನಾಗಿ ಮಾಡಿದ್ದು ಆ ನಡಿಗೆ. 2011ರಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ವರದಿ ಬಂತು, ಯಡಿಯೂರಪ್ಪ ರಾಜೀನಾಮೆ ಕೊಟ್ಟರು, ಜನಾರ್ದನ ರೆಡ್ಡಿ ಬಂಧನ ಆಯಿತು. ಬಳ್ಳಾರಿಯ ಹೆಸರಿನಲ್ಲಿ ರಾಜ್ಯದ ನಾಯಕತ್ವ ಬೆಳೆಯಿತು. ಬಳ್ಳಾರಿಯ ಸಂಘಟನೆ ಬೆಳೆಯಲಿಲ್ಲ. ಈ ನೋವು ನನ್ನೊಬ್ಬನದಲ್ಲ, ಆ ಪಾದಯಾತ್ರೆಗೆ ನೀರು, ಮಜ್ಜಿಗೆ ಕೊಟ್ಟ ಬಹಳ ಜನರದು.

ಅವತ್ತು ಎದುರಿಗಿದ್ದವರೇ ಆಮೇಲೆ ಪಕ್ಷದ ಒಳಗೆ ಬಂದರು. ಬಿ. ನಾಗೇಂದ್ರ 2008ರಲ್ಲಿ ಕೂಡ್ಲಿಗಿಯಿಂದ ಬಿಜೆಪಿ ಶಾಸಕ, 2013ರಲ್ಲಿ ಪಕ್ಷೇತರ, 2018ರಲ್ಲಿ ಬಳ್ಳಾರಿ ಗ್ರಾಮಾಂತರದಿಂದ ಕಾಂಗ್ರೆಸ್. 2023ರಲ್ಲಿ ಶ್ರೀರಾಮುಲು ಅವರನ್ನೇ ಸೋಲಿಸಿ ಸಚಿವರಾದರು. ವಾಲ್ಮೀಕಿ ನಿಗಮದ ಹಗರಣ ಎದ್ದು 2024ರ ಜೂನ್‌ನಲ್ಲಿ ರಾಜೀನಾಮೆ ಕೊಟ್ಟರು. ಕೊಪ್ಪಳ ಜಿಲ್ಲೆಯ ಶಿವರಾಜ ತಂಗಡಗಿ 2008ರಲ್ಲಿ ಪಕ್ಷೇತರರಾಗಿ ಗೆದ್ದು ಯಡಿಯೂರಪ್ಪ ಸರ್ಕಾರದಲ್ಲಿ ಸಚಿವರಾಗಿದ್ದವರು, ಈಗ ಕಾಂಗ್ರೆಸ್ಸಿನವರು. ಕರಡಿ ಸಂಗಣ್ಣ ಜೆಡಿಎಸ್‌ನಿಂದ ಬಿಜೆಪಿಗೆ ಬಂದು ಎರಡು ಸಲ ಸಂಸದರಾದರು. 2024ರಲ್ಲಿ ಟಿಕೆಟ್ ಸಿಗದಾಗ ಕಾಂಗ್ರೆಸ್ಸಿಗೆ ಬಂದರು. ಆ ಸಲ ಗೆದ್ದ ರಾಜಶೇಖರ ಹಿಟ್ನಾಳರು 2019ರಲ್ಲಿ ಇದೇ ಸಂಗಣ್ಣನವರ ಎದುರು ಸೋತಿದ್ದವರು. ಅವರ ತಂದೆ 2014ರಲ್ಲಿ ಸೋತಿದ್ದರು, ಅದೇ ಮನೆಯ ರಾಘವೇಂದ್ರ ಹಿಟ್ನಾಳರು ಕೊಪ್ಪಳದ ಶಾಸಕರು. ಮೂರು ಲೋಕಸಭೆ ಚುನಾವಣೆಗೂ ಪಕ್ಷಕ್ಕೆ ಸಿಕ್ಕದ್ದು ಒಂದೇ ಮನೆ.

ತುಕಾರಾಂ ಅವರ ವಿಷಯ ಸ್ವಲ್ಪ ಬೇರೆ. ಸಂಡೂರಿನಿಂದ ನಾಲ್ಕು ಸಲ ಗೆದ್ದು, ಗಾಳಿ ಎದುರಾದಾಗಲೂ ಪಕ್ಷ ಬಿಡದವರು. 2024ರಲ್ಲಿ ಶ್ರೀರಾಮುಲು ಅವರನ್ನು 98 ಸಾವಿರಕ್ಕೂ ಜಾಸ್ತಿ ಅಂತರದಲ್ಲಿ ಸೋಲಿಸಿ ಸಂಸದರಾದರು. ಖಾಲಿಯಾದ ಸಂಡೂರಿಗೆ ಟಿಕೆಟ್ ಅವರ ಪತ್ನಿ ಅನ್ನಪೂರ್ಣ ಅವರಿಗೆ ಸಿಕ್ಕಿತು, ಅವರೂ ಗೆದ್ದರು. ಸಂಡೂರಿನ ಕಾರ್ಯಕರ್ತರಲ್ಲಿ ಇನ್ನೊಬ್ಬರು ಇರಲೇ ಇಲ್ಲವೇ? ಇದ್ದರು ಎಂದೇ ನಾನು ನಂಬುತ್ತೇನೆ. ಕೇಳುವ ವೇದಿಕೆ ಇರಲಿಲ್ಲ. ಅದೇ ಸಂಡೂರಿನ ಸೋಲಿಗೆ ಯಾರು ಹೊಣೆ ಎಂದು 2025ರ ಜನವರಿಯಲ್ಲಿ ಬಿಜೆಪಿಯ ಕೋರ್ ಕಮಿಟಿಯಲ್ಲಿ ಮಾತು ಬಂದು, ಶ್ರೀರಾಮುಲು ಮತ್ತು ಜನಾರ್ದನ ರೆಡ್ಡಿ ನಡುವಿನ ಮುನಿಸು ಬೀದಿಗೆ ಬಿತ್ತು. ರೆಡ್ಡಿಯವರು ತಮ್ಮದೇ ಪಕ್ಷ ಕಟ್ಟಿ ಗಂಗಾವತಿ ಗೆದ್ದು 2024ರ ಮಾರ್ಚ್‌ನಲ್ಲಷ್ಟೇ ಬಿಜೆಪಿಗೆ ಮರಳಿದ್ದರು. ಶ್ರೀರಾಮುಲು ಕೂಡ ಹಿಂದೆ ಬಿಎಸ್‌ಆರ್ ಕಾಂಗ್ರೆಸ್ ಕಟ್ಟಿ ಮರಳಿದವರೇ. ಸಂಘಟನೆಯ ಶಿಸ್ತಿಗೆ ಹೆಸರಾದ ಪಕ್ಷವೂ ಬಳ್ಳಾರಿಗೆ ಬಂದಾಗ 'ಕಡೆ'ಗಳನ್ನೇ ನೆಚ್ಚಿಕೊಂಡಿತು.

ಗೆಲುವು ಮುಚ್ಚಿಟ್ಟದ್ದು

ಅಂಕಿ ಮಾತ್ರ ನೋಡಿದರೆ ಇಲ್ಲಿ ಕಾಂಗ್ರೆಸ್ಸಿಗೆ ಚಿಂತೆಯೇ ಇಲ್ಲ. ಕಲ್ಯಾಣ ಕರ್ನಾಟಕದ 41 ವಿಧಾನಸಭೆ ಸ್ಥಾನಗಳಲ್ಲಿ 2023ರಲ್ಲಿ 26 ಅದರದ್ದು. ನಮ್ಮ ಮೂರು ಜಿಲ್ಲೆಗಳ 17ರಲ್ಲಿ 12. 2019ರಲ್ಲಿ ಬಿಜೆಪಿಗೆ ಹೋಗಿದ್ದ ಐದೂ ಲೋಕಸಭೆ ಸ್ಥಾನಗಳು 2024ರಲ್ಲಿ ಕಾಂಗ್ರೆಸ್ಸಿಗೆ ಬಂದವು. ಐದಕ್ಕೆ ಐದು ಅತ್ತ ಹೋಗಿ, ಐದಕ್ಕೆ ಐದು ಇತ್ತ ಬರುವುದು ಗಟ್ಟಿ ಸಂಘಟನೆಯ ಲಕ್ಷಣ ಅಲ್ಲ, ಅಲ್ವಾ? ಜನ ಸರ್ಕಾರದ ಕೆಲಸ, ಗ್ಯಾರಂಟಿ, ಸಿಟ್ಟು ನೋಡಿ ಮತ ಹಾಕಿದರು. ಪಕ್ಷ ಅದನ್ನು ತನ್ನ ಬಲ ಎಂದುಕೊಂಡರೆ 2018ರ ಉಪಚುನಾವಣೆಯ ತಪ್ಪೇ ಮತ್ತೆ ಆಗುತ್ತದೆ.

ಇನ್ನೊಂದು ಸಂಗತಿ ಬಗ್ಗೆ ನಮ್ಮಲ್ಲಿ ಮಾತೇ ಆಗುವುದಿಲ್ಲ. ಬಳ್ಳಾರಿ ಜಿಲ್ಲೆಯ 5 ಕ್ಷೇತ್ರಗಳಲ್ಲಿ 4 ಪರಿಶಿಷ್ಟ ಪಂಗಡಕ್ಕೆ ಮೀಸಲು. ರಾಯಚೂರಿನ 7ರಲ್ಲಿ 4 ಪಂಗಡಕ್ಕೆ, 1 ಪರಿಶಿಷ್ಟ ಜಾತಿಗೆ. ಎರಡೂ ಲೋಕಸಭೆ ಕ್ಷೇತ್ರಗಳೂ ಪಂಗಡಕ್ಕೆ ಮೀಸಲು. ಕ್ಷೇತ್ರಕ್ಕೆ ಮೀಸಲಾತಿ ಇದೆ. ಪಕ್ಷದ ಜಿಲ್ಲಾ ಅಧ್ಯಕ್ಷ, ಬ್ಲಾಕ್ ಅಧ್ಯಕ್ಷ ಸ್ಥಾನಗಳಲ್ಲಿ ಇಂತಿಂಥದ್ದು ಮೀಸಲು ಎಂದು ಹಾಗೆ ಗೊತ್ತು ಮಾಡಿಲ್ಲ. ಹೀಗಾಗಿ ನಾಯಕ ಸಮುದಾಯದ ಶಾಸಕ ಗೆದ್ದರೂ ಹಿಂದೆ ಕೂತು ಲೆಕ್ಕ ಹಾಕುವವರು ಬೇರೆಯವರು ಆಗುವ ಸಾಧ್ಯತೆ ಇರುತ್ತದೆ. ಅಲೆಮಾರಿ, ಮಾದಿಗ, ಛಲವಾದಿ ಹುಡುಗರಿಗಂತೂ ಬೂತ್ ದಾಟಿ ಬ್ಲಾಕ್ ಮೆಟ್ಟಿಲು ಹತ್ತುವುದೇ ಕಷ್ಟ. ಮತದಾನ ಇದ್ದರೆ ಸಂಖ್ಯೆಯ ಬಲದಿಂದಾದರೂ ಹತ್ತಬಹುದಿತ್ತು.

ಮೊದಲು ಆ ಹುಡುಗರಿಗೆ ಬೇರೆ ಒಂದು ಮೆಟ್ಟಿಲು ಇತ್ತು, ತಾಲ್ಲೂಕು ಪಂಚಾಯಿತಿ ಮತ್ತು ಜಿಲ್ಲಾ ಪಂಚಾಯಿತಿ. ಅಬ್ದುಲ್ ನಜೀರ್ ಸಾಬ್ ಅವರ ಕಾಲದ 1987ರ ಜಿಲ್ಲಾ ಪರಿಷತ್ ಚುನಾವಣೆಯಿಂದ ಎಷ್ಟೋ ಹಳ್ಳಿಯ ಕಾರ್ಯಕರ್ತರು ಆ ದಾರಿಯಲ್ಲಿ ಮೇಲೆ ಬಂದರು. 2016ರ ಫೆಬ್ರುವರಿಯಲ್ಲಿ ಆ ಚುನಾವಣೆ ನಡೆಯಿತು. 2021ರಲ್ಲಿ ಅವಧಿ ಮುಗಿಯಿತು. ಆಮೇಲೆ ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಎಂದು ವರ್ಷಗಟ್ಟಲೆ ತಳ್ಳುತ್ತಾ ಬಂದರು. ಬಿಜೆಪಿ ಸರ್ಕಾರವೂ ಮಾಡಲಿಲ್ಲ, ನಂತರ ಬಂದ ಕಾಂಗ್ರೆಸ್ ಸರ್ಕಾರವೂ ಬೇಗ ಮಾಡಲಿಲ್ಲ. ಹಳ್ಳಿಯಲ್ಲಿ ಪಕ್ಷಕ್ಕೆ ದುಡಿದ 30 ವರ್ಷದ ಹುಡುಗ 35 ದಾಟಿದ. ಪಕ್ಷದ ಟಿಕೆಟ್ಟಿನ ಒಂದು ಬಿ ಫಾರಂ ಕಾಣಲಿಲ್ಲ. ಅವನ ಮುಂದೆ ಉಳಿದದ್ದು ಶಾಸಕರ ಮನೆ ಬಾಗಿಲು.

ಅದರ ಬದಲಿಗೆ ಸಿಕ್ಕದ್ದು ನೇಮಕಗಳು. ನಿಗಮ ಮಂಡಳಿಗಳ ಮೊದಲ ಪಟ್ಟಿ 2024ರ ಜನವರಿಯಲ್ಲಿ ಬಂದಾಗ ಅದರಲ್ಲಿ ಶಾಸಕರೇ ತುಂಬಿದ್ದರು, ಕಾರ್ಯಕರ್ತರ ಪಟ್ಟಿ ಆಮೇಲೆ ಬಂತು. ಗ್ಯಾರಂಟಿ ಅನುಷ್ಠಾನ ಸಮಿತಿಗಳು ತಾಲ್ಲೂಕು ಮಟ್ಟದವರೆಗೂ ಆದವು. ಇವುಗಳಿಂದ ಕೆಲವರಿಗೆ ಗೌರವ ಸಿಕ್ಕಿತು, ಸಂತೋಷ. ಆದರೆ ಆರಿಸಿ ಬರುವುದು ಬೇರೆ, ನೇಮಕ ಆಗುವುದು ಬೇರೆ. ನೇಮಕವಾದವನು ನೇಮಿಸಿದವರನ್ನು ಪ್ರಶ್ನೆ ಕೇಳುವುದಿಲ್ಲ.

ನಮ್ಮ ಜಿಲ್ಲೆಗಳ ಉಸ್ತುವಾರಿಯ ವಿಷಯವನ್ನೇ ನೋಡಿ. ರಾಯಚೂರಿನವರೇ ಆದ, ಎಐಸಿಸಿಯಲ್ಲಿ ದುಡಿದ ಎನ್.ಎಸ್. ಬೋಸರಾಜು ಅವರನ್ನು 2023ರಲ್ಲಿ ಸಚಿವರನ್ನಾಗಿ ಮಾಡಿ ಕೊಡಗಿನ ಉಸ್ತುವಾರಿ ಕೊಟ್ಟರು. ರಾಯಚೂರಿಗೆ ಸೇಡಂನ ಶರಣಪ್ರಕಾಶ ಪಾಟೀಲರು ಬಂದರು. ನಾಗೇಂದ್ರ ಹೋದ ಮೇಲೆ ಬಳ್ಳಾರಿಗೆ ಬೆಂಗಳೂರಿನ ಜಮೀರ್ ಅಹ್ಮದ್ ಖಾನ್. ಒಬ್ಬೊಬ್ಬರ ಸಾಮರ್ಥ್ಯದ ಪ್ರಶ್ನೆ ಇದಲ್ಲ. ಬ್ಲಾಕ್ ಅಧ್ಯಕ್ಷನೊಬ್ಬ ತನ್ನ ಸಚಿವರನ್ನು ಕಾಣಲು ಅವರು ಜಿಲ್ಲೆಗೆ ಬರುವ ದಿನ ಕಾಯಬೇಕು, ಅದೂ ಪ್ರವಾಸಿ ಮಂದಿರದ ಗುಂಪಿನಲ್ಲಿ.

ಬೂತ್‌ನಲ್ಲಿ ಕೂತವರು

ನಾನು ಬೆಳೆದದ್ದು ಸಿರುಗುಪ್ಪ ತಾಲ್ಲೂಕಿನಲ್ಲಿ. ನನ್ನ ಸೋದರಮಾವ ಪ್ರತಿ ಚುನಾವಣೆಗೂ ಬೂತ್ ಏಜೆಂಟ್ ಆಗಿ ಕೂಡುತ್ತಿದ್ದರು. ಯಾವ ಪಕ್ಷ ಎಂಬುದು ಬೇಡ. ಬುತ್ತಿಯಲ್ಲಿ ಜೋಳದ ರೊಟ್ಟಿ, ಕಿವಿಯಲ್ಲಿ ಪೆನ್ಸಿಲು, ಕೈಯಲ್ಲಿ ಮತದಾರರ ಪಟ್ಟಿ. ಯಾರು ತೀರಿಕೊಂಡರು, ಯಾರು ಬೆಂಗಳೂರಿಗೆ ಗುಳೆ ಹೋದರು, ಯಾವ ಸೊಸೆಯ ಹೆಸರು ಇನ್ನೂ ತವರಿನ ಪಟ್ಟಿಯಲ್ಲೇ ಇದೆ, ಎಲ್ಲ ಅವರ ಬಾಯಲ್ಲಿ ಇತ್ತು. ಸಂಜೆ ಪೆಟ್ಟಿಗೆಗೆ ಸೀಲು ಬೀಳುವವರೆಗೆ ಏಳುತ್ತಿರಲಿಲ್ಲ.

ಈ ತಿಳಿವಳಿಕೆಗೆ ಬೆಲೆ ಎಷ್ಟು ಎಂಬುದನ್ನು ಪಕ್ಕದ ಕಲಬುರಗಿ ಜಿಲ್ಲೆಯ ಆಳಂದ ತೋರಿಸಿತು. 2023ರ ಚುನಾವಣೆಗೆ ಮುಂಚೆ ಅಲ್ಲಿ ಮತದಾರರ ಹೆಸರು ತೆಗೆಯಲು ಆನ್‌ಲೈನ್‌ನಲ್ಲಿ 6,018 ಅರ್ಜಿ ಬಂದವು. ಪರಿಶೀಲಿಸಿದಾಗ ಸರಿ ಇದ್ದವು ಬರೀ 24. ಬಾಕಿ 5,994 ತಪ್ಪು. ಗೊತ್ತಾದದ್ದು ಕಂಪ್ಯೂಟರಿನಿಂದ ಅಲ್ಲ. ತನ್ನ ಮನೆಯವರದೇ ಹೆಸರು ತೆಗೆಯಲು ಅರ್ಜಿ ಬಂದಿದೆ ಎಂದು ಬೂತ್ ಮಟ್ಟದ ಅಧಿಕಾರಿಯೊಬ್ಬರು ಗಮನಿಸಿದ್ದರಿಂದ. ಫೆಬ್ರುವರಿಯಲ್ಲಿ ದೂರು ದಾಖಲಾಯಿತು. ಊರಿನ ಮುಖಗಳು ಗೊತ್ತಿರುವವರು ಬೂತ್‌ನಲ್ಲಿ ಇಲ್ಲದಿದ್ದರೆ ಬಡವರ ವೋಟು ಕಾಯುವವರು ಯಾರೂ ಇರುವುದಿಲ್ಲ. ಪಕ್ಷದ ಸಂಘಟನೆ ಪಕ್ಷಕ್ಕಷ್ಟೇ ಬೇಕಾದದ್ದು ಎಂದು ನಾನು ಅಂದುಕೊಳ್ಳದಿರುವುದು ಇದಕ್ಕೇ.

ಕಾಂಗ್ರೆಸ್ಸಿಗೆ ಈ ಕೊರತೆ ತಿಳಿದಿಲ್ಲ ಎಂದಲ್ಲ. 2024ರ ಡಿಸೆಂಬರ್ 26ರಂದು ಬೆಳಗಾವಿಯಲ್ಲಿ ಕಾರ್ಯಕಾರಿ ಸಮಿತಿ ಸೇರಿದಾಗ 2025 ಅನ್ನು ಸಂಘಟನೆಯ ವರ್ಷ ಎಂದು ಸಾರಿದರು. 2025ರ ಏಪ್ರಿಲ್‌ನಲ್ಲಿ ಅಹಮದಾಬಾದ್ ಅಧಿವೇಶನದ ನಂತರ ಗುಜರಾತಿನಿಂದ 'ಸಂಘಟನ್ ಸೃಜನ್' ಶುರುವಾಯಿತು. ಹೊರಗಿನಿಂದ ವೀಕ್ಷಕರು ಜಿಲ್ಲೆಗೆ ಹೋಗಬೇಕು, ಕಾರ್ಯಕರ್ತರನ್ನು ಕೇಳಬೇಕು, ಜಿಲ್ಲಾ ಅಧ್ಯಕ್ಷ ಸ್ಥಾನಕ್ಕೆ ಹೆಸರುಗಳ ಪಟ್ಟಿ ಕೊಡಬೇಕು. ಮಧ್ಯಪ್ರದೇಶ, ಹರಿಯಾಣದಲ್ಲಿ ಹೀಗೇ ಜಿಲ್ಲಾ ಅಧ್ಯಕ್ಷರ ನೇಮಕ ಆಯಿತು. ಶಾಸಕರ ಮನೆಯ ಪಟ್ಟಿಗಿಂತ ಇದು ಎಷ್ಟೋ ಮೇಲು. ಆದರೆ ಇದೂ ಕೇಳಿ ನೇಮಿಸುವ ದಾರಿಯೇ, ಆರಿಸುವ ದಾರಿ ಅಲ್ಲ. ಕರ್ನಾಟಕದಲ್ಲಿ ಅದೇ ವರ್ಷದ ಜೂನ್ ಕೊನೆಗೆ ಉಸ್ತುವಾರಿ ರಣದೀಪ್ ಸುರ್ಜೇವಾಲ ಬೆಂಗಳೂರಿಗೆ ಬಂದು ಶಾಸಕರನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಅಹವಾಲು ಕೇಳಿದರು. ಬ್ಲಾಕ್ ಅಧ್ಯಕ್ಷರನ್ನೂ ಹಾಗೆ ಒಬ್ಬೊಬ್ಬರನ್ನಾಗಿ, ಅವರವರ ಊರಿನಲ್ಲೇ ಕೂತು ಕೇಳಿದರೆ ಬೇರೆ ಮಾತು ಹೊರಬರುತ್ತಿತ್ತು.

ನಾನು ಕೇಳುವುದು ಹೊಸ ಕಾನೂನು ಅಲ್ಲ. ಪಕ್ಷದ ಸಂವಿಧಾನದಲ್ಲಿ ಬರೆದದ್ದನ್ನೇ ನಮ್ಮ 17 ಕ್ಷೇತ್ರಗಳಲ್ಲಿ ಒಮ್ಮೆ ಮಾಡಿ ತೋರಿಸಲಿ. ಸದಸ್ಯರ ಪಟ್ಟಿಯನ್ನು ಒಂದು ತಿಂಗಳು ಮೊದಲು ಬ್ಲಾಕ್ ಕಚೇರಿಯ ಗೋಡೆಗೆ ಅಂಟಿಸಲಿ. ಶಾಸಕರು, ಸಂಸದರು ಅವತ್ತು ಊರಲ್ಲಿ ಇರದಿದ್ದರೆ ಒಳ್ಳೆಯದು. ಒಂದು ಶಾಲೆಯ ಕೋಣೆ, ಒಂದು ಮೇಜು, ಒಂದು ಪೆಟ್ಟಿಗೆ ಸಾಕು. ಗೆದ್ದವರ ಜತೆ ಸೋತವರೂ ಮುಂದಿನ ಸಭೆಗೆ ಬರುತ್ತಾರೆ. ಜಗಳ ಆಗುತ್ತದೆ ಎಂದು ಹೆದರಿಸುವವರು ಇದ್ದಾರೆ. ಜಗಳ ಈಗಲೂ ಇದೆ, ಟಿಕೆಟ್ ಹಂಚುವ ದಿನ ಕಾರ್ಯಕರ್ತರು ಪಕ್ಷದ ಬಾವುಟಕ್ಕೇ ಬೆಂಕಿ ಹಚ್ಚುವುದನ್ನು ಎಲ್ಲರೂ ಟಿವಿಯಲ್ಲಿ ನೋಡಿದ್ದೇವೆ.

ನಮ್ಮ ಮಾವನಿಗೆ ಈಗ 70 ದಾಟಿದೆ. ಕಣ್ಣು ಮಂದವಾಗಿದ್ದರಿಂದ ಏಜೆಂಟ್ ಆಗಿ ಕೂಡುವುದು ಬಿಟ್ಟಿದ್ದಾರೆ. ಹೋದ ಲೋಕಸಭೆ ಚುನಾವಣೆಗೂ ಹುಡುಗರು ಪಟ್ಟಿ ಹಿಡಿದುಕೊಂಡು ಅವರ ಮನೆ ಕಟ್ಟೆಗೇ ಬಂದಿದ್ದರು, ಯಾರಿದ್ದಾರೆ, ಯಾರಿಲ್ಲ ಕೇಳಲು. ಬ್ಲಾಕ್ ಅಧ್ಯಕ್ಷ ಯಾರಾಗಬೇಕು ಎಂದು ಕೇಳಲು ಇವತ್ತಿನವರೆಗೆ ಆ ಕಟ್ಟೆಗೆ ಯಾರೂ ಬಂದಿಲ್ಲ.